ಡಿಸೆಲೆಕ್ಟ್: 'ಕೈಬಿಡು'ವುದಾ, 'ಕೈತಪ್ಪು'ವುದಾ?

ನಮಸ್ಕಾರ. ಎರಡು ದಿನದಿಂದ ಒಂದು ಪದ ತಲೆ ತಿನ್ನುತ್ತಿದೆ. ಬ್ರಿಟನ್ನಿನ ಲೇಬರ್ ಪಕ್ಷದ ಮೇಲಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ 'ಡಿಸೆಲೆಕ್ಟ್' ಮತ್ತೆ ಮತ್ತೆ ಬರುತ್ತದೆ. ಕಂಪ್ಯೂಟರಿನಲ್ಲಿ ಟಿಕ್ ತೆಗೆಯುವ ಡಿಸೆಲೆಕ್ಟ್ ಅಲ್ಲ, ಅದಕ್ಕೆ 'ಗುರುತು ತೆಗೆಯಿರಿ' ಸಾಕು. ಇದು ರಾಜಕೀಯದ್ದು. ಒಬ್ಬರು ಆಗಲೇ ಸಂಸದರಾಗಿರುತ್ತಾರೆ, ಮುಂದಿನ ಸಲವೂ ಅವರೇ ನಿಲ್ಲುತ್ತಾರೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ಅಷ್ಟರಲ್ಲಿ ಅವರದೇ ಕ್ಷೇತ್ರದ ಪಕ್ಷದವರು ಸಭೆ ಸೇರಿ ಮತ ಹಾಕಿ 'ನಮಗೆ ಇವರು ಬೇಡ' ಅಂದುಬಿಡುತ್ತಾರೆ.

1975ರಲ್ಲಿ ರೆಜ್ ಪ್ರೆಂಟಿಸ್‌ಗೆ ಆದದ್ದು ಇದೇ. ಆಗ ಅವರು ಸಂಪುಟದಲ್ಲಿ ಮಂತ್ರಿ. ಆದರೂ ಲಂಡನ್ನಿನ ನ್ಯೂಹ್ಯಾಮ್ ನಾರ್ತ್ ಈಸ್ಟ್ ಕ್ಷೇತ್ರದ ಲೇಬರ್ ಸಮಿತಿ ಬೇಡ ಅಂದಿತು.

ನಾನು ಮೊದಲು 'ಅವರ ಆಯ್ಕೆಯನ್ನು ರದ್ದುಪಡಿಸಲಾಯಿತು' ಅಂತ ಬರೆದೆ. ಮನೆಯಲ್ಲಿ ಓದಿ ಹೇಳಿದರೆ, "ಹಾಗಾದ್ರೆ ಅಲ್ಲಿ ಬೈಎಲೆಕ್ಷನ್ ಆಯ್ತಾ?" ಅಂತ ಪ್ರಶ್ನೆ ಬಂತು. ಸರಿಯಾದ ಪ್ರಶ್ನೆಯೇ. ಕನ್ನಡದಲ್ಲಿ ಪಕ್ಷ ಅಭ್ಯರ್ಥಿಯನ್ನು ಆರಿಸುವುದೂ 'ಆಯ್ಕೆ', ಜನ ಓಟು ಹಾಕಿ ಗೆಲ್ಲಿಸುವುದೂ 'ಆಯ್ಕೆ'. 'ಶಾಸಕರಾಗಿ ಆಯ್ಕೆಯಾದರು' ಅಂತ ದಿನಾ ಓದುತ್ತೇವೆ. ಹಾಗಾಗಿ ಆಯ್ಕೆ ರದ್ದು ಅಂದ ಕೂಡಲೇ ಕೋರ್ಟು ಚುನಾವಣೆಯನ್ನೇ ಅಸಿಂಧು ಮಾಡಿತು ಅನಿಸುತ್ತದೆ. ಪ್ರೆಂಟಿಸ್ ಸೀಟು ಎಲ್ಲೂ ಹೋಗಿರಲಿಲ್ಲ. 1977ರಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಹಾರಿ, ಆಮೇಲೂ 1979ರ ಚುನಾವಣೆವರೆಗೆ ಅದೇ ಕ್ಷೇತ್ರದ ಸಂಸದರಾಗಿದ್ದರು.

'ಅನರ್ಹ' ಅಂತೂ ಆಗುವುದೇ ಇಲ್ಲ. 2019ರಲ್ಲಿ ನಮ್ಮ ಸ್ಪೀಕರ್ 17 ಶಾಸಕರನ್ನು ಅನರ್ಹ ಮಾಡಿದ ಮೇಲೆ ಆ ಪದಕ್ಕೆ ಪಕ್ಷಾಂತರದ ವಾಸನೆ ಅಂಟಿಕೊಂಡಿದೆ. 'ಉಚ್ಚಾಟನೆ' ಅಂದರೆ ಪಕ್ಷದಿಂದಲೇ ಆಚೆ ಹಾಕಿದಂತೆ.

ನಮ್ಮಲ್ಲಿ ಜನ ಆಡುವ ಮಾತು 'ಟಿಕೆಟ್ ಕೈತಪ್ಪಿತು'. 2023ರಲ್ಲಿ ಹುಬ್ಬಳ್ಳಿಯಲ್ಲಿ ಶೆಟ್ಟರ್ ಅವರಿಗೆ ಬಿಜೆಪಿ ಟಿಕೆಟ್ ಕೊಡದಿದ್ದಾಗ ಈ ಮಾತು ಎಲ್ಲರ ಬಾಯಲ್ಲೂ ಇತ್ತು. ಆದರೆ ನೋಡಿ, 'ಕೈತಪ್ಪಿತು' ಅಂದಾಗ ತಪ್ಪಿಸಿದವರು ಯಾರು ಅಂತ ಎಲ್ಲೂ ಬರುವುದಿಲ್ಲ! ಟಿಕೆಟ್ ತಾನೇ ಜಾರಿ ಬಿದ್ದ ಹಾಗೆ, ಬಸ್ಸು ತಪ್ಪಿದ ಹಾಗೆ. ಹೈಕಮಾಂಡಿಗೆ ಇದಕ್ಕಿಂತ ಹಿತವಾದ ಕ್ರಿಯಾಪದ ಸಿಗಲಿಕ್ಕಿಲ್ಲ. ಬ್ರಿಟನ್ನಿನ ಕಥೆಯಲ್ಲಿ ಇರುವುದು ಇದರ ಉಲ್ಟಾ. ಅಲ್ಲಿ ಬೇಡ ಅಂದವರು ಕ್ಷೇತ್ರದ ಸದಸ್ಯರು ಅನ್ನುವುದೇ ಸುದ್ದಿ. ಅದನ್ನು ಮುಚ್ಚುವ ಪದ ಹಾಕಿದರೆ ಲೇಖನ ಬರೆದದ್ದೇ ದಂಡ.

ಇನ್ನು 'ಕೊಕ್'. 'ಹಾಲಿ ಶಾಸಕರಿಗೆ ಕೊಕ್' ಅಂತ ತಲೆಬರಹ ಬರುತ್ತದಲ್ಲ, ಅದು. ನನ್ನ ಕಿವಿಗೆ ಅಲ್ಲಿ ಖೊಖೊ ಆಟವೇ ಕೇಳಿಸುತ್ತದೆ. ಸಾಲಿನಲ್ಲಿ ಕೂತವನ ಬೆನ್ನು ತಟ್ಟಿ 'ಖೊ' ಅಂದರೆ ಅವನು ಎದ್ದು ಓಡಬೇಕು, ತಟ್ಟಿದವನು ಅವನ ಜಾಗದಲ್ಲಿ ಕೂರುತ್ತಾನೆ. ಕೂತವನನ್ನು ಎಬ್ಬಿಸಿ ಇನ್ನೊಬ್ಬರನ್ನು ಕೂರಿಸುವುದಕ್ಕೆ ಇಷ್ಟು ಚೆನ್ನಾಗಿ ಹೊಂದುವ ಪದ ಇಂಗ್ಲಿಷಿನಲ್ಲೂ ಇಲ್ಲ ಅಂತೀನಿ. ತೊಂದರೆ ಒಂದೇ, ಅದರಲ್ಲಿ ಸ್ವಲ್ಪ ಗೇಲಿ ಇದೆ. ಗಂಭೀರ ಲೇಖನದಲ್ಲಿ ಪುಟಕ್ಕೆ ನಾಲ್ಕು ಸಲ ಕೊಕ್ ಬಂದರೆ ಹೇಗೆ?

ಉಳಿದದ್ದು 'ಕೈಬಿಡು'. ಕ್ರಿಕೆಟ್ ತಂಡದಿಂದ ಆಟಗಾರನನ್ನು ಕೈಬಿಟ್ಟರು ಅಂತೀವಲ್ಲ, ಹಾಗೆ. ಇಲ್ಲಿ ಕೈ ಬಿಟ್ಟವರು ಯಾರು ಅಂತ ಹೇಳಲೇಬೇಕಾಗುತ್ತದೆ, ನನಗೆ ಬೇಕಾದದ್ದೂ ಅದೇ. 'ಕ್ಷೇತ್ರದ ಪಕ್ಷದವರೇ ಮತ ಹಾಕಿ ಪ್ರೆಂಟಿಸ್ ಅವರನ್ನು ಕೈಬಿಟ್ಟರು' ಅಂತ ಸದ್ಯಕ್ಕೆ ಬರೆದಿದ್ದೇನೆ. ಕ್ರಿಯಾಪದವಾಗಿ ಚೆನ್ನಾಗಿದೆ. ನಾಮಪದ ಮಾಡಲು ಹೋದರೆ 'ಕೈಬಿಡುವಿಕೆ' ಆಗುತ್ತದೆ, ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತದೆ. ಮೂಲದಲ್ಲಿ ನಾಮಪದವೇ ಜಾಸ್ತಿ. ವಾಕ್ಯ ಒಡೆದು ಕ್ರಿಯಾಪದಕ್ಕೆ ತಿರುಗಿಸುತ್ತಾ ಹೋಗುತ್ತಿದ್ದೇನೆ, ಆದರೆ ಶೀರ್ಷಿಕೆಗೆ ಏನು ಮಾಡಲಿ?

ಇನ್ನೊಂದು ಗೋಜಲು. ಹೆಸರು ಘೋಷಿಸಿ, ಬಿ ಫಾರಂ ಕೊಟ್ಟು, ನಾಮಪತ್ರದ ಕೊನೆ ದಿನದೊಳಗೆ ಬೇರೆಯವರಿಗೆ ಬಿ ಫಾರಂ ಕೊಡುವುದೂ ಉಂಟಲ್ಲ, ಅದಕ್ಕೂ ಕೈಬಿಡು ಅನ್ನಬಹುದಾ? ನನಗೆ ಅಲ್ಲಿ 'ಟಿಕೆಟ್ ಕಿತ್ತುಕೊಂಡರು' ಅನ್ನುವುದೇ ಸರಿ ಅನಿಸುತ್ತದೆ, ಕೊಟ್ಟದ್ದನ್ನು ತಾನೇ ಕಿತ್ತುಕೊಳ್ಳುವುದು. ನಿಮ್ಮ ಕಡೆ, ಅದರಲ್ಲೂ ಉತ್ತರ ಕರ್ನಾಟಕ, ಕರಾವಳಿ ಕಡೆ, ಈ ಎರಡಕ್ಕೂ ಬೇರೆ ಬೇರೆ ಮಾತು ಇದೆಯಾ?