ಓದುಗರ ಸ್ಪಂದನ: ಗಡ್ಡೆಗಿಂತ ಮಗನ ನಿದ್ದೆ ನೋಡಿ

(ಆರು ವರ್ಷದ ಮಗನ ಟಾನ್ಸಿಲ್, ಅಂದರೆ ಗಂಟಲಿನ ಎರಡು ಬದಿಯ ಗಡ್ಡೆ, ದೊಡ್ಡದಾಗಿದೆ, ಆಪರೇಷನ್‌ಗೆ ಅತ್ತೆ ಒಪ್ಪುತ್ತಿಲ್ಲ ಎಂದು ಬರೆದಿದ್ದ ಓದುಗರಿಗೆ ಬಂದ ಉತ್ತರಗಳು)

ಅಕ್ಕಾ, ನಿಮ್ಮ ಪತ್ರ ಓದಿ ನಮ್ಮ ಮನೆಯೇ ಕಣ್ಮುಂದೆ ಬಂತು. ನನ್ನ ಮಗಳಿಗೂ ಆಗ ಆರು ವರ್ಷ. ಬಾಯಿ ತೆರೆದರೆ ಎರಡು ಗಡ್ಡೆಗಳೂ ಒಂದಕ್ಕೊಂದು ತಾಗುವಷ್ಟು ದಪ್ಪ. ನಾನು ದಿನಾ ಟಾರ್ಚ್ ಹಿಡಿದು ಗಂಟಲನ್ನೇ ನೋಡುತ್ತಿದ್ದೆ, ಅವಳ ನಿದ್ದೆಯನ್ನು ನೋಡಲಿಲ್ಲ. ರಾತ್ರಿ ಜೋರು ಗೊರಕೆ. ನಡುವೆ ಅದು ತಟ್ಟನೆ ನಿಂತು, ಉಸಿರೇ ಇಲ್ಲದಂತಾಗಿ, ಆಮೇಲೆ ಬೆಚ್ಚಿದವಳ ಹಾಗೆ ಉಸಿರು ಎಳೆದುಕೊಳ್ಳುತ್ತಿದ್ದಳು. ಯಾವತ್ತೋ ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿತ್ತು. ಕ್ಲಾಸಿನಲ್ಲಿ ತೂಕಡಿಸುತ್ತಾಳೆ ಎಂದು ಟೀಚರ್ ಹೇಳಿದಾಗ, ಟಿವಿ ಜಾಸ್ತಿ ನೋಡ್ತೀಯ ಅಂತ ಸುಮ್ನೆ ಬೈದೆ. ನೆನೆದರೆ ಈಗಲೂ ಸಂಕಟವಾಗುತ್ತದೆ. ಕೊನೆಗೆ ಅವಳು ಮಲಗಿದ್ದಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ ಇಎನ್‌ಟಿ ಡಾಕ್ಟರಿಗೆ ತೋರಿಸಿದೆ. ಮೂಗಿನ ಹಿಂದೆ ಇರುವ ಅಡಿನಾಯ್ಡ್ ಎಂಬ ಗಡ್ಡೆ ಕೂಡ ಬೆಳೆದಿತ್ತು. ಎರಡನ್ನೂ ತೆಗೆದರು. ಗಾಯ ಮಾಗಿದ ಮೇಲೆ ಗೊರಕೆ ಹೋಯಿತು. ನೀವೂ ಒಂದು ವಿಡಿಯೊ ಮಾಡಿ.

ಟಾನ್ಸಿಲ್ ತೆಗೆದರೆ ರೋಗ ತಡೆಯುವ ಶಕ್ತಿ ಹೋಗುತ್ತದೆ ಎಂಬ ಭಯ ನನ್ನ ಅಮ್ಮನಿಗೂ ಇತ್ತು. ಅದೇ ಕೆಲಸ ಮಾಡುವ ಭಾಗಗಳು ಗಂಟಲಿನಲ್ಲಿ, ನಾಲಿಗೆಯ ಬುಡದಲ್ಲಿ ಇನ್ನೂ ಇವೆ ಎಂದು ಡಾಕ್ಟರು ಬಿಡಿಸಿ ಹೇಳಿದ ಮೇಲೆ ಧೈರ್ಯ ಬಂತು. ನಿಮ್ಮ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಆಪರೇಷನ್ ಆದಮೇಲೆ ಗಂಟಲಲ್ಲಿ ಬಿಳಿ ಪೊರೆ ಕಾಣುತ್ತದೆ. ಅದು ಕೀವಲ್ಲ. ವಾರದ ಆಸುಪಾಸಿನಲ್ಲಿ ಉದುರುತ್ತದೆ. ಆದರೆ ರಕ್ತ ಯಾವಾಗ ಬಂದರೂ ತಕ್ಷಣ ಆಸ್ಪತ್ರೆಗೆ ಓಡಿ.
– ಒಬ್ಬ ತಾಯಿ, ದಾವಣಗೆರೆ

ದೊಡ್ಡದಾಗಿದೆ ಎಂಬ ಒಂದೇ ಕಾರಣಕ್ಕೆ ಅವಸರ ಬೇಡ. ನನ್ನ ಮಗನದ್ದೂ ದೊಡ್ಡದಿತ್ತು, ಆದರೆ ಗೊರಕೆಯಿಲ್ಲ, ಊಟಕ್ಕೆ ತೊಂದರೆಯಿಲ್ಲ. ಗಂಟಲುನೋವು ಒಂದು ವರ್ಷದಲ್ಲಿ 7 ಸಲ, ಇಲ್ಲವೇ ಎರಡು ವರ್ಷ ಪ್ರತಿ ವರ್ಷ 5 ಸಲದಂತೆ, ಇಲ್ಲವೇ ಮೂರು ವರ್ಷ ಪ್ರತಿ ವರ್ಷ 3 ಸಲದಂತೆ ಬಂದರೆ ಆಪರೇಷನ್ ಯೋಚಿಸೋಣ ಎಂದರು ಡಾಕ್ಟರು. ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಕಾದೆವು. ಈಗ ಅವನಿಗೆ 11 ವರ್ಷ, ಗಡ್ಡೆ ತಾನಾಗಿಯೇ ಕುಗ್ಗಿದೆ.
– ಹಾಸನದ ಓದುಗರು

ತಂಗೀ, ನಿಮ್ಮ ಯಜಮಾನರಿಗೂ ಒಂದು ಬದಿಯ ಟಾನ್ಸಿಲ್ ಊದಿದೆ, ನೋವಿಲ್ಲವೆಂದು ಸುಮ್ಮನಿದ್ದಾರೆ ಎಂದು ಕೊನೆಯಲ್ಲಿ ಬರೆದಿದ್ದೀರಿ. ನನಗೆ ಅದರದ್ದೇ ಹೆಚ್ಚು ಚಿಂತೆ. ದೊಡ್ಡವರಲ್ಲಿ ಒಂದೇ ಬದಿ ದಪ್ಪವಾಗಿದ್ದರೆ ತೋರಿಸಲೇಬೇಕು. ಬಹಳ ಸಲ ಏನೂ ಇರುವುದಿಲ್ಲ, ಅಪರೂಪಕ್ಕೆ ಕ್ಯಾನ್ಸರ್ ಇರಬಹುದು. ನನ್ನದನ್ನು 38ನೇ ವಯಸ್ಸಿನಲ್ಲಿ ತೆಗೆದು ಪರೀಕ್ಷೆಗೆ ಕಳಿಸಿದರು, ಏನೂ ಇರಲಿಲ್ಲ. ಎರಡು ವಾರ ಗಂಜಿ ಕುಡಿದೆ, ನೋವು ನಿಜಕ್ಕೂ ಜಾಸ್ತಿ ಇತ್ತು. ಆದರೂ ಈ ವಾರವೇ ಅವರನ್ನು ಕರೆದುಕೊಂಡು ಹೋಗಿ.
– ನಿವೃತ್ತ ಶಿಕ್ಷಕ, ಧಾರವಾಡ