ಕೆನಡಾದಲ್ಲಿ ಬಾರ್ಡರ್ ಆಫೀಸರ್ ಸಂದರ್ಶನ: ನಿವೃತ್ತ ಅಧಿಕಾರಿಯೊಬ್ಬರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಬ್ರಾಂಪ್ಟನ್‌ನಿಂದ):
ಮೇಡಂ, ನಮಸ್ಕಾರ. ನಾನು ಹಾಸನದ ಕಡೆಯವನು. ಇಲ್ಲಿಗೆ ಬಂದು ಕೆಲವು ವರ್ಷ ಆಯಿತು, ಪಿಆರ್, ಅಂದರೆ ಖಾಯಂ ನಿವಾಸದ ಅನುಮತಿ, ಇದೆ. ಒಂದು ವೇರ್‌ಹೌಸ್‌ನಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿದ್ದೇನೆ. ಸಿಬಿಎಸ್ಎ, ಅಂದರೆ ಕೆನಡಾದ ಗಡಿ ಸೇವಾ ಏಜೆನ್ಸಿಯಲ್ಲಿ ಆಫೀಸರ್ ಟ್ರೇನಿ ಹುದ್ದೆಗೆ ಅರ್ಜಿ ಹಾಕಿದ್ದೆ. ಪ್ರವೇಶ ಪರೀಕ್ಷೆ ಪಾಸಾಯಿತು, ಮುಂದಿನ ತಿಂಗಳು ಸಂದರ್ಶನ. ಪೊಲೀಸ್ ಕೆಲಸದ ಅನುಭವ ಇಲ್ಲ, ಕಾನೂನು ಓದಿಲ್ಲ. ಕಸ್ಟಮ್ಸ್ ಆಕ್ಟ್ ಪೂರ್ತಿ ಬಾಯಿಪಾಠ ಮಾಡಬೇಕಾ? ನೀವು ಗಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಸಂದರ್ಶನ ಬೋರ್ಡ್‌ನಲ್ಲೂ ಕೂತವರು. ಎಲ್ಲಿಂದ ಶುರು ಮಾಡಲಿ, ದಯವಿಟ್ಟು ತಿಳಿಸಿ.

ಉತ್ತರ:
ಪರೀಕ್ಷೆ ದಾಟಿದ್ದಕ್ಕೆ ಅಭಿನಂದನೆ. ಮೊದಲೇ ಒಂದು ಮಾತು. ಬೋರ್ಡ್ ಕೇಳುವ ಪ್ರಶ್ನೆಗಳನ್ನು ನಾನು ಹೇಳುವುದಿಲ್ಲ. "ಹಳೇ ಪ್ರಶ್ನೆಗಳು ನಮ್ಮ ಹತ್ತಿರ ಇವೆ" ಅಂತ ಯಾರಾದರೂ ದುಡ್ಡಿಗೆ ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ಪ್ರಾಮಾಣಿಕತೆ ನೋಡುವ ಕೆಲಸಕ್ಕೆ ಆ ದಾರಿಯಲ್ಲಿ ಹೋಗಬಾರದು.

ಆಕ್ಟ್ ಬಾಯಿಪಾಠ ಬೇಡ. ಆಯ್ಕೆಯಾದ ಮೇಲೆ ಕ್ವಿಬೆಕ್‌ನ ರಿಗೋದಲ್ಲಿರುವ ಸಿಬಿಎಸ್ಎ ಕಾಲೇಜಿನಲ್ಲಿ ಇಟ್ಟುಕೊಂಡು ಕಾನೂನು ಕಲಿಸುತ್ತಾರೆ. ಸಂದರ್ಶನದಲ್ಲಿ ನೋಡುವುದು ಬೇರೆ: ನೀವು ಹೇಗೆ ಯೋಚಿಸುತ್ತೀರಿ, ಒತ್ತಡದಲ್ಲಿ ಜನರ ಜೊತೆ ಹೇಗೆ ನಡೆದುಕೊಳ್ಳುತ್ತೀರಿ, ಯಾರೂ ನೋಡದಿದ್ದಾಗ ಏನು ಮಾಡುತ್ತೀರಿ.

ನಿಮ್ಮ ಹುದ್ದೆಯ ಜಾಹೀರಾತನ್ನು ಪ್ರಿಂಟ್ ತೆಗೆದುಕೊಳ್ಳಿ. ಅಲ್ಲಿ ಯಾವ ಗುಣ, ಯಾವ ಸಾಮರ್ಥ್ಯ ಬೇಕು ಅಂತ ಬರೆದಿರುತ್ತಾರೆ: ವಿವೇಚನೆ, ಸಂವಹನ, ಪ್ರಾಮಾಣಿಕತೆ, ಕಷ್ಟದ ಸಂದರ್ಭ ನಿಭಾಯಿಸುವುದು, ಹೀಗೆ. ನಿಮ್ಮ ಸಿಲೆಬಸ್ ಅದೇ. ಒಂದೊಂದರ ಎದುರಿಗೂ ನಿಮ್ಮ ಜೀವನದ ಒಂದು ನಿಜವಾದ ಘಟನೆ ಬರೆಯಿರಿ. ಅಂಕ ಬರುವುದು ಆ ಘಟನೆಗಳಿಂದ.

ಇನ್ನೊಂದು ವಿಷಯ ತಿಳಿದಿರಲಿ. ಬೋರ್ಡ್‌ನವರ ಹತ್ತಿರ ಅಂಕ ಕೊಡುವ ಪಟ್ಟಿ ಇರುತ್ತದೆ. ನೀವು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ, ಬರೆದದ್ದಕ್ಕೆ ಮಾತ್ರ ಅಂಕ. "ಈತ ಒಳ್ಳೆಯವನು, ಇದೂ ಗೊತ್ತಿರಬಹುದು" ಅಂತ ಅವರು ಊಹಿಸಿ ಅಂಕ ಹಾಕುವ ಹಾಗಿಲ್ಲ. ತಲೆ ಬಗ್ಗಿಸಿ ಬರೆಯುತ್ತಾ ಇರುತ್ತಾರೆ, ನಗುವುದಿಲ್ಲ, ತಲೆಯಾಡಿಸುವುದಿಲ್ಲ. ಅದನ್ನು ನೋಡಿ ಎದೆಗುಂದಬೇಡಿ, ಎಲ್ಲರ ಜೊತೆಗೂ ಹಾಗೇ ಇರುತ್ತಾರೆ.

ಈಗ ನೀವೇ ಒಂದು ಉತ್ತರ ಬರೆದು ಕಳಿಸಿ, ನೋಡೋಣ. ವಿಷಯ: ಕೋಪಗೊಂಡ ವ್ಯಕ್ತಿಯನ್ನು ನಿಭಾಯಿಸಿದ ಸಂದರ್ಭ.

ಪ್ರಶ್ನೆ (ಬ್ರಾಂಪ್ಟನ್‌ನವರೇ):
ಥ್ಯಾಂಕ್ಸ್ ಮೇಡಂ. ಇದು ನನ್ನ ಉತ್ತರ: "ಒಮ್ಮೆ ನಮ್ಮ ವೇರ್‌ಹೌಸ್‌ಗೆ ಬಂದ ಟ್ರಕ್ ಡ್ರೈವರ್ ತುಂಬಾ ಕೂಗಾಡಿದ. ಲೋಡ್ ಇಳಿಸಿಕೊಳ್ಳುವುದು ತಡವಾಗಿತ್ತು. ನಾವು ಅವನನ್ನು ಸಮಾಧಾನ ಮಾಡಿದೆವು. ಕೊನೆಗೆ ಎಲ್ಲಾ ಸರಿಹೋಯಿತು. ನನಗೆ ತಾಳ್ಮೆ ಜಾಸ್ತಿ, ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತೇನೆ."

ಉತ್ತರ:
ಇದಕ್ಕೆ ಅಂಕ ಬರುವುದು ಕಷ್ಟ. ಯಾಕೆ ಅಂತ ಹೇಳುತ್ತೇನೆ.

"ನಾವು ಸಮಾಧಾನ ಮಾಡಿದೆವು" ಅಂದರೆ ಯಾರು? ನೀವಾ, ನಿಮ್ಮ ಮ್ಯಾನೇಜರಾ? ನಮ್ಮ ಕಡೆ "ನಾನೇ ಮಾಡಿದೆ" ಅಂದರೆ ಜಂಬ ಅನ್ನಿಸುತ್ತದೆ, ಅದಕ್ಕೇ ಎಲ್ಲವನ್ನೂ ನಾವು ಮಾಡಿದೆವು ಅನ್ನುತ್ತೇವೆ. ಬೋರ್ಡ್ ಮುಂದೆ ಇದು ನಿಮಗೇ ನಷ್ಟ. ಅವರು ಅಂಕ ಕೊಡಬೇಕಾದ್ದು ನಿಮಗೆ, ನಿಮ್ಮ ತಂಡಕ್ಕಲ್ಲ. ಇತರರು ಏನು ಮಾಡಿದರು ಅನ್ನುವುದನ್ನೂ ಹೇಳಿ, ಆದರೆ ನಿಮ್ಮ ಪಾಲನ್ನು ಬೇರೆಯಾಗಿ ಹೇಳಿ.

ಸಮಾಧಾನ ಮಾಡಿದ್ದು ಹೇಗೆ? ಏನು ಮಾತಾಡಿದಿರಿ, ಎಲ್ಲಿ ನಿಂತಿದ್ದಿರಿ? "ತಾಳ್ಮೆ ಜಾಸ್ತಿ" ಅನ್ನುವುದನ್ನು ಘಟನೆಯೇ ತೋರಿಸಬೇಕು. ನೀವು ಬಾಯಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ.

ಮುಖ್ಯವಾಗಿ, ತಡ ಯಾಕೆ ಆಯಿತು? ಅದನ್ನು ಹೇಳಲೇ ಇಲ್ಲವಲ್ಲ.

ಪ್ರಶ್ನೆ (ಬ್ರಾಂಪ್ಟನ್‌ನವರೇ):
ಟ್ರೇಲರ್‌ನ ಸೀಲ್ ನಂಬರಿಗೂ ಸರಕಿನ ವಿವರದ ಕಾಗದವಾದ ಬಿಲ್ ಆಫ್ ಲೇಡಿಂಗ್‌ನಲ್ಲಿದ್ದ ನಂಬರಿಗೂ ತಾಳೆ ಆಗಿರಲಿಲ್ಲ ಮೇಡಂ. ಅದಕ್ಕೇ ನಾನು ಇಳಿಸುವುದನ್ನು ನಿಲ್ಲಿಸಿದ್ದೆ. ಅದು ಸಣ್ಣ ವಿಷಯ ಅಂತ ಬಿಟ್ಟೆ.

ಉತ್ತರ:
ಸಣ್ಣ ವಿಷಯ ಅಲ್ಲವೇ ಅಲ್ಲ! ನಿಮ್ಮ ಉತ್ತರದ ಜೀವವೇ ಅದು. ಸೀಲ್ ಮತ್ತು ಕಾಗದ ತಾಳೆ ಆಗುತ್ತದಾ ಅಂತ ನೋಡುವುದು ಗಡಿಯಲ್ಲಿ ಕಮರ್ಷಿಯಲ್ ಆಫೀಸರ್‌ನ ದಿನನಿತ್ಯದ ಕೆಲಸ. ಒಬ್ಬ ಮನುಷ್ಯ ಎದುರಿಗೆ ನಿಂತು ಕೂಗುತ್ತಿರುವಾಗಲೂ ನೀವು ತಾಳೆ ಆಗದ ಲೋಡನ್ನು ಬಿಡಲಿಲ್ಲ. ಬೋರ್ಡ್‌ಗೆ ಬೇಕಾದದ್ದು ಇದೇ.

ಮತ್ತೆ ಬರೆಯಿರಿ. ಮೊದಲು ಎಲ್ಲಿ, ಯಾವಾಗ, ಏನು ಸಮಸ್ಯೆ. ಆಮೇಲೆ ನಿಮ್ಮ ಹೊಣೆ ಏನಿತ್ತು. ಆಮೇಲೆ ಒಂದೊಂದಾಗಿ ಏನು ಮಾಡಿದಿರಿ, ಪ್ರತಿಯೊಂದಕ್ಕೂ ಯಾಕೆ. ಕೊನೆಗೆ ಏನಾಯಿತು. ಇದಕ್ಕೆ ಸ್ಟಾರ್ ಪದ್ಧತಿ ಅಂತ ಹೆಸರು, ಎಲ್ಲರೂ ಹೇಳುತ್ತಾರೆ. ಆದರೆ ಆ "ಯಾಕೆ" ಅನ್ನುವುದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಗಡಿಯ ಮೊದಲ ಕಿಟಕಿಯಲ್ಲಿ, ನಾವು ಪ್ರೈಮರಿ ಅನ್ನುತ್ತೇವೆ, ಆಫೀಸರ್‌ಗೆ ಸಿಗುವ ಸಮಯ ತುಂಬಾ ಕಡಿಮೆ. ನಾಲ್ಕು ಪ್ರಶ್ನೆ ಕೇಳಿ, ಕಾಗದ ನೋಡಿ, ಮುಖ ನೋಡಿ ತೀರ್ಮಾನ ಮಾಡಬೇಕು: ಬಿಡುವುದಾ, ಸೆಕೆಂಡರಿಗೆ, ಅಂದರೆ ಇನ್ನೂ ವಿವರವಾದ ತಪಾಸಣೆಗೆ, ಕಳಿಸುವುದಾ. ಮುಂದೊಂದು ದಿನ ಕೋರ್ಟಿನಲ್ಲಿ "ಯಾಕೆ ಕಳಿಸಿದಿರಿ?" ಅಂತ ಕೇಳಿದರೆ ಉತ್ತರ ಕೊಡಬೇಕು. "ಹಾಗನ್ನಿಸಿತು" ಅಂದರೆ ನಡೆಯುವುದಿಲ್ಲ. ಕಾರಣವನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನಿಮಗಿದೆಯಾ ಅಂತ ಸಂದರ್ಶನದಲ್ಲೇ ನೋಡುತ್ತಾರೆ.

ಪ್ರಶ್ನೆ (ಸರ್ರೆ, ಬ್ರಿಟಿಷ್ ಕೊಲಂಬಿಯಾದಿಂದ):
ಅಕ್ಕಾ, ನಾನೂ ಅರ್ಜಿ ಹಾಕಿದ್ದೇನೆ. "ಹೀಗಾದರೆ ಏನು ಮಾಡ್ತೀರಿ" ಅನ್ನೋ ಥರದ ಪ್ರಶ್ನೆಗಳಿಗೆ ಭಯ. ಉದಾಹರಣೆಗೆ, ನನ್ನ ಸಾಲಿನಲ್ಲಿ ನಮ್ಮ ಚಿಕ್ಕಪ್ಪನೇ ಬಂದುಬಿಟ್ಟರೆ? ಅಥವಾ ಊರಿಂದ ಮೊದಲ ಸಲ ಬಂದ ಒಬ್ಬ ಅಮ್ಮ, ಇಂಗ್ಲಿಷ್ ಬಾರದವರು, "ನಮ್ಮ ಕನ್ನಡದ ಹುಡುಗಿ, ಬಿಟ್ಬಿಡಮ್ಮ" ಅಂದರೆ?

ಉತ್ತರ:
ಇವು ಎರಡೂ ಬೇರೆ ಬೇರೆ, ಅದನ್ನು ಗುರುತಿಸಿ ಹೇಳಿದರೇ ಅರ್ಧ ಗೆದ್ದ ಹಾಗೆ.

ಚಿಕ್ಕಪ್ಪನ ವಿಷಯದಲ್ಲಿ ನೀವು ತಪಾಸಣೆ ಮಾಡುವ ಹಾಗೇ ಇಲ್ಲ. ಅದು ಹಿತಾಸಕ್ತಿ ಸಂಘರ್ಷ. ಅವರನ್ನು ಇನ್ನೊಬ್ಬ ಆಫೀಸರ್‌ಗೆ ಒಪ್ಪಿಸಿ, ನಿಮ್ಮ ಸೂಪರಿಂಟೆಂಡೆಂಟ್‌ಗೆ ವಿಷಯ ತಿಳಿಸಿ. ಆ ಇನ್ನೊಬ್ಬರ ಹತ್ತಿರ ಹೋಗಿ "ನಮ್ಮವರು, ನೋಡ್ಕೊಳ್ಳಿ" ಅನ್ನಬಾರದು. ಇದನ್ನೂ ಉತ್ತರದಲ್ಲಿ ಸೇರಿಸಿ. "ನಾನು ನಿಷ್ಪಕ್ಷಪಾತವಾಗಿ ನಾನೇ ನೋಡುತ್ತೇನೆ" ಅಂತ ಹೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ, ಉತ್ತರ ತಪ್ಪು.

ಆ ಅಮ್ಮ ನಿಮಗೆ ಬಂಧು ಅಲ್ಲ, ಪರಿಚಯವೂ ಇಲ್ಲ. ಅವರನ್ನು ನೀವೇ ನೋಡಬಹುದು. ಕನ್ನಡದಲ್ಲಿ ಮಾತಾಡಿದರೆ ಅವರಿಗೆ ಧೈರ್ಯ ಬರುತ್ತದೆ, ನಿಮಗೂ ಸರಿಯಾದ ಉತ್ತರ ಸಿಗುತ್ತದೆ. ತಂದ ಆಹಾರ, ಗಿಡ, ಬೀಜ ಎಲ್ಲವನ್ನೂ ಹೇಳಲೇಬೇಕು ಅನ್ನುವುದನ್ನು ಅರ್ಥವಾಗುವ ಹಾಗೆ ಕೇಳಿ. ಪ್ರಶ್ನೆ ಅರ್ಥವಾಗದೆ ಹೇಳದಿರುವುದು ಬೇರೆ, ಬೇಕಂತಲೇ ಮುಚ್ಚಿಡುವುದು ಬೇರೆ. ಅದನ್ನು ತಿಳಿದುಕೊಳ್ಳುವ ಪ್ರಯತ್ನ ಮಾಡುತ್ತೇನೆ ಅಂತ ಹೇಳಿ. ಆದರೆ ಒಳಗೆ ಬಿಡಬಾರದ ವಸ್ತು ಸಿಕ್ಕರೆ ಅದನ್ನು ಬಿಡುವುದಿಲ್ಲ, ಆಕೆ ಪಂಜಾಬಿಯಾಗಿದ್ದರೂ, ಫ್ರೆಂಚ್ ಆಗಿದ್ದರೂ ಇದೇ ಮಾಡುತ್ತಿದ್ದೆ ಅಂತಲೂ ಹೇಳಿ. ಮರ್ಯಾದೆ ಕೊಡುವುದಕ್ಕೂ ರಿಯಾಯಿತಿ ಕೊಡುವುದಕ್ಕೂ ವ್ಯತ್ಯಾಸ ಗೊತ್ತು ಅಂತ ಅವರಿಗೆ ಕಾಣಬೇಕು.

ಇಂಥ ಪ್ರಶ್ನೆ ಬಂದಾಗ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಅಲ್ಲಿರುವ ಎಲ್ಲರ ಸುರಕ್ಷತೆ. ಆಮೇಲೆ ಗೊತ್ತಿರುವುದೇನು, ಇನ್ನೂ ತಿಳಿಯಬೇಕಾದ್ದೇನು. ನನಗೆ ಯಾವ ಅಧಿಕಾರ ಇದೆ, ಯಾರಿಗೆ ತಿಳಿಸಬೇಕು. ಕೊನೆಗೆ ಬರೆದಿಡುವುದು. ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ ಅನ್ನುವುದನ್ನು ಹೇಳಲು ಬಹಳ ಜನ ಮರೆಯುತ್ತಾರೆ.

ಪ್ರಶ್ನೆ (ಕ್ಯಾಲ್ಗರಿಯಿಂದ):
ಕಾನೂನು ಬಾಯಿಪಾಠ ಬೇಡ ಅಂದಿರಿ. ಆದರೂ ಕನಿಷ್ಠ ಎಷ್ಟು ಗೊತ್ತಿರಬೇಕು ಮೇಡಂ?

ಉತ್ತರ:
ಈ ಕೆಲಸ ಏನು ಅಂತ ತಿಳಿದೇ ಬಂದಿದ್ದಾರೆ ಅನ್ನಿಸುವಷ್ಟು ಸಾಕು.

ಸಿಬಿಎಸ್ಎ ಹುಟ್ಟಿದ್ದು 2003ರ ಡಿಸೆಂಬರ್‌ನಲ್ಲಿ. ಅದಕ್ಕೂ ಮೊದಲು ಬೇರೆ ಬೇರೆ ಇಲಾಖೆಗಳಲ್ಲಿದ್ದ ಕಸ್ಟಮ್ಸ್, ಇಮಿಗ್ರೇಶನ್ ಜಾರಿ, ಆಹಾರ ಮತ್ತು ಸಸ್ಯಗಳ ಗಡಿ ತಪಾಸಣೆಯನ್ನು ಒಂದೇ ಕಡೆ ತಂದರು. ಹಾಗಾಗಿ ಒಬ್ಬ ಆಫೀಸರ್ ಒಂದೇ ಪಾಳಿಯಲ್ಲಿ ವೀಸಾ ನೋಡಬೇಕು, ತೆರಿಗೆ ಲೆಕ್ಕ ಹಾಕಬೇಕು, ಮಾವಿನಹಣ್ಣನ್ನೂ ನೋಡಬೇಕು. ದಿನವೂ ಕೈಗೆ ಬರುವ ಕಾನೂನು ಎರಡು: ಕಸ್ಟಮ್ಸ್ ಆಕ್ಟ್, ಮತ್ತು 2002ರಲ್ಲಿ ಜಾರಿಗೆ ಬಂದ ವಲಸೆ ಹಾಗೂ ನಿರಾಶ್ರಿತರ ರಕ್ಷಣಾ ಕಾಯಿದೆ.

ಪ್ರಯಾಣಿಕರಾಗಿ ನಿಮಗೇ ಗೊತ್ತಿರಬೇಕಾದ್ದನ್ನೂ ಒಮ್ಮೆ ನೋಡಿಕೊಳ್ಳಿ. 10,000 ಕೆನಡಿಯನ್ ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಹಣ ಗಡಿ ದಾಟಿಸಿದರೆ ತಿಳಿಸಬೇಕು. ತರುವುದು ತಪ್ಪಲ್ಲ, ತಿಳಿಸದಿರುವುದು ತಪ್ಪು. ಗಾಂಜಾ 2018ರ ಅಕ್ಟೋಬರ್‌ನಿಂದ ಕೆನಡಾದ ಒಳಗೆ ಕಾನೂನುಬದ್ಧ, ಆದರೆ ಗಡಿ ದಾಟಿಸುವುದು ಈಗಲೂ ಅಪರಾಧ.

ಇದಕ್ಕಿಂತ ಮುಖ್ಯ, ಹಕ್ಕುಗಳ ಬಗ್ಗೆ ತಿಳಿವಳಿಕೆ. ಕೆನಡಾ ಸಂವಿಧಾನದ ಭಾಗವಾದ ಹಕ್ಕುಗಳ ಸನ್ನದಿನ (ಚಾರ್ಟರ್) 8ನೇ ವಿಧಿ ಸಮಂಜಸವಲ್ಲದ ಶೋಧನೆಯಿಂದ ಜನರನ್ನು ಕಾಪಾಡುತ್ತದೆ. ಗಡಿಯಲ್ಲಿ ಖಾಸಗಿತನದ ನಿರೀಕ್ಷೆ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. 1988ರ ಸಿಮ್ಮನ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗಡಿಯ ಶೋಧನೆಗಳನ್ನು ಮೂರು ಹಂತವಾಗಿ ನೋಡಿತು. ಮಾಮೂಲಿ ಪ್ರಶ್ನೆ, ಬ್ಯಾಗ್ ನೋಡುವುದು ಒಂದು. ಬಟ್ಟೆ ಬಿಚ್ಚಿಸಿ ನೋಡುವುದು ಇನ್ನೊಂದು. ದೇಹದ ಒಳಗಿನ ಶೋಧನೆ ಮೂರನೆಯದು. ಮೇಲೆ ಹೋದಷ್ಟೂ ಗಟ್ಟಿ ಕಾರಣ ಬೇಕು. ಕಸ್ಟಮ್ಸ್ ಆಕ್ಟ್‌ನ 98ನೇ ಸೆಕ್ಷನ್ ಪ್ರಕಾರ, ಮೈ ಶೋಧನೆಗೆ ಮೊದಲು ಆ ವ್ಯಕ್ತಿ ಕೇಳಿದರೆ ಹಿರಿಯ ಅಧಿಕಾರಿಯ ಮುಂದೆ ಕರೆದುಕೊಂಡು ಹೋಗಲೇಬೇಕು. ಈ ರಕ್ಷಣೆ ಇರುವುದು ನನಗೆ ಬಹಳ ಮೆಚ್ಚುಗೆ. ಎದುರಿಗಿರುವವರು ದೂರದ ಪ್ರಯಾಣ ಮಾಡಿ ದಣಿದಿರುತ್ತಾರೆ, ಹೆದರಿರುತ್ತಾರೆ. ಅಧಿಕಾರ ಎಲ್ಲಾ ನಿಮ್ಮ ಕೈಯಲ್ಲಿರುತ್ತದೆ. ಅದನ್ನು ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರುವವರೇ ಈ ಕೆಲಸಕ್ಕೆ ಬರಬೇಕು.

ಪ್ರಶ್ನೆ (ವಾಟರ್‌ಲೂನಿಂದ):
ನಮ್ಮ ಮನೆಯಲ್ಲಿ ಬಂದೂಕು ಅಂದರೆ ಎಲ್ಲರಿಗೂ ಆಗದು. ಟೊರೊಂಟೊ ಏರ್‌ಪೋರ್ಟ್‌ನಲ್ಲೇ ಪೋಸ್ಟಿಂಗ್ ಕೇಳಬಹುದಾ?

ಉತ್ತರ:
ಆಸೆ ಹೇಳಿಕೊಳ್ಳಬಹುದು, ಷರತ್ತು ಹಾಕುವ ಹಾಗಿಲ್ಲ. ಕೆನಡಾದಲ್ಲಿ ಎಲ್ಲಿಗೆ ಹಾಕಿದರೂ ಹೋಗಲು ಒಪ್ಪಬೇಕು. ಮ್ಯಾನಿಟೋಬಾದ ಎಮರ್ಸನ್ ಆಗಬಹುದು, ಆಲ್ಬರ್ಟಾದ ಕೌಟ್ಸ್ ಆಗಬಹುದು. ರಾತ್ರಿ ಪಾಳಿ, ಹಬ್ಬದ ದಿನದ ಪಾಳಿ ಎಲ್ಲಾ ಇದೆ. ಬಂದೂಕು ಧರಿಸಲು ಒಪ್ಪುವುದೂ ಷರತ್ತೇ. 2007ರಿಂದ ಆಫೀಸರ್‌ಗಳಿಗೆ ಪಿಸ್ತೂಲ್ ಕೊಡಲು ಶುರು ಮಾಡಿದರು. ಆಯ್ಕೆಯ ಹಾದಿಯಲ್ಲಿ ಕೆನಡಾದ ಎರಡು ಬಂದೂಕು ಸುರಕ್ಷತಾ ಪರೀಕ್ಷೆ, ಸಾಮಾನ್ಯ ಮತ್ತು ನಿರ್ಬಂಧಿತ, ಪಾಸು ಮಾಡಬೇಕು. ಮನೆಯವರ ಜೊತೆ ಈಗಲೇ ಕೂತು ಮಾತಾಡಿ. ಬೋರ್ಡ್ ಮುಂದೆ ಹೂಂ ಅಂದು, ರಿಗೋಗೆ ಹೊರಡುವ ದಿನ ಮನೆಯಲ್ಲಿ ಜಗಳ ಆಗಬಾರದು.

ಪ್ರಶ್ನೆ (ವಾಟರ್‌ಲೂನವರೇ):
ಇನ್ನೊಂದು. ಕಾಲೇಜಿನಲ್ಲಿದ್ದಾಗ ಒಂದೆರಡು ಸಲ ಗಾಂಜಾ ಸೇದಿದ್ದೆ. ಹೇಳದಿದ್ದರೆ ಗೊತ್ತಾಗುತ್ತಾ?

ಉತ್ತರ:
ಗೊತ್ತಾಗುತ್ತದಾ ಅಂತ ಲೆಕ್ಕ ಹಾಕಲೇಬೇಡಿ. ಕೇಳಿದರೆ ನಿಜ ಹೇಳಿ: ಯಾವಾಗ, ಎಷ್ಟು, ಯಾವಾಗ ಬಿಟ್ಟಿರಿ. ಸಂದರ್ಶನದ ನಂತರ ಭದ್ರತಾ ಪರಿಶೀಲನೆ ಇದೆ. ನಿಮ್ಮ ಹಿಂದಿನ ವರ್ಷಗಳ ವಿಳಾಸ, ಕೆಲಸ, ಸಾಲ, ವಿದೇಶ ಪ್ರಯಾಣ ಎಲ್ಲಾ ನೋಡುತ್ತಾರೆ. ನಮ್ಮಂತೆ ಭಾರತದಿಂದ ಬಂದವರಿಗೆ ಇದು ಇನ್ನೂ ಜಾಸ್ತಿ ಸಮಯ ಹಿಡಿಯಬಹುದು, ಅದಕ್ಕೆ ಬೇಸರ ಬೇಡ. ಹಳೇ ವಿಷಯವನ್ನು ಒಪ್ಪಿಕೊಂಡವರನ್ನು ಅವರು ತೂಗಿ ನೋಡುತ್ತಾರೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮಾತ್ರ ಅಲ್ಲಿಗೇ ಮುಗಿಯಿತು.

ಪ್ರಶ್ನೆ (ಬ್ರಾಂಪ್ಟನ್‌ನವರೇ):
ಮೇಡಂ, ಮತ್ತೆ ಬರೆದೆ, ನೋಡಿ: "ರಾತ್ರಿ ಪಾಳಿ, ಸೂಪರ್‌ವೈಸರ್ ಆಗಿ ಲೋಡ್ ಒಪ್ಪಿಕೊಳ್ಳುವ ಹೊಣೆ ನನ್ನದು. ಸೀಲ್ ನಂಬರ್ ಕಾಗದಕ್ಕೆ ತಾಳೆ ಆಗಲಿಲ್ಲ. ಒಳಗಿನ ಸರಕು ಬದಲಾಗಿರಬಹುದು ಅಂತ ಇಳಿಸುವುದನ್ನು ನಿಲ್ಲಿಸಿದೆ. ಡ್ರೈವರ್ ಕೂಗಾಡಿದ, ಮುಂದಿನ ಡೆಲಿವರಿಗೆ ತಡವಾಗುತ್ತೆ ಅಂದ. ಡಾಕ್ ಮೇಲೆ ಫೋರ್ಕ್‌ಲಿಫ್ಟ್‌ಗಳು ಓಡಾಡುತ್ತಿದ್ದವು, ಅದಕ್ಕೇ ಅವನನ್ನು ಆಫೀಸ್ ಹತ್ತಿರ ಕರೆದೆ. ಅವನ ತಡದ ಕಷ್ಟ ಅರ್ಥವಾಗುತ್ತದೆ, ಆದರೆ ನಂಬರ್ ಖಾತ್ರಿ ಆಗದೆ ಸಹಿ ಹಾಕಲಾರೆ ಅಂದೆ. ಸೀಲ್ ಫೋಟೋ ತೆಗೆದು ಅವನ ಕಂಪನಿಯ ಡಿಸ್ಪ್ಯಾಚ್‌ಗೆ ಫೋನ್ ಮಾಡಿದೆ. ದಾರಿಯಲ್ಲಿ ತಪಾಸಣೆಗೆ ತೆಗೆದು ಹೊಸ ಸೀಲ್ ಹಾಕಿದ್ದರು, ಕಾಗದದಲ್ಲಿ ತಿದ್ದಿರಲಿಲ್ಲ. ಇಮೇಲ್‌ನಲ್ಲಿ ಖಾತ್ರಿ ಬಂದ ಮೇಲೆ ಇಳಿಸಿದೆ."

ಉತ್ತರ:
ಈಗ ಬಂತು ನೋಡಿ! ಅದೇ ಘಟನೆ, ಈಗ ನೀವು ಅದರಲ್ಲಿ ಕಾಣುತ್ತಿದ್ದೀರಿ. ಇನ್ನೆರಡು ಸೇರಿಸಿ. ಡಿಸ್ಪ್ಯಾಚ್ ಫೋನ್ ಎತ್ತದಿದ್ದರೆ ಏನು ಮಾಡುತ್ತಿದ್ದಿರಿ? ಆಮೇಲೆ ಈ ವಿಷಯವನ್ನು ಲಾಗ್‌ನಲ್ಲಿ ಬರೆದಿರಾ, ಮ್ಯಾನೇಜರ್‌ಗೆ ಹೇಳಿದಿರಾ? ಮಾಡಿದ್ದರೆ ಮಾತ್ರ ಹೇಳಿ, ಇಲ್ಲದ್ದನ್ನು ಕಟ್ಟಬೇಡಿ. ನಿಮ್ಮ ರೆಫರೆನ್ಸ್‌ಗಳನ್ನು ಕೇಳಿ ತಾಳೆ ನೋಡಬಹುದು.

ಇದನ್ನು ಇಂಗ್ಲಿಷ್‌ನಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಉಚ್ಚಾರಣೆಗೆ ಹೆದರಬೇಡಿ, ನಮ್ಮ ಹಾಗೆ ಮಾತಾಡುವ ಆಫೀಸರ್‌ಗಳು ಬೇಕಾದಷ್ಟಿದ್ದಾರೆ. ನಿಧಾನವಾಗಿ, ಸಣ್ಣ ವಾಕ್ಯಗಳಲ್ಲಿ ಹೇಳಿ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಓದಿ ಅಂತ ಕೇಳಿ.

ಪ್ರಶ್ನೆ (ಸರ್ರೆಯವರೇ):
ಅಕ್ಕಾ, ಕೊನೆಯದು. ಫೇಲಾದರೆ?

ಉತ್ತರ:
ಆಯ್ಕೆಯಿಂದ ಹೊರಗಿಟ್ಟರೆ "ಇನ್ಫಾರ್ಮಲ್ ಡಿಸ್ಕಶನ್", ಅಂದರೆ ಫಲಿತಾಂಶದ ಬಗ್ಗೆ ಅನೌಪಚಾರಿಕ ಮಾತುಕತೆ, ಕೇಳಿ ನೋಡಬಹುದು. ಫೆಡರಲ್ ಕಾನೂನಿನಲ್ಲಿ ಇದನ್ನು ಹೇಳಿರುವುದು ಒಳಗಿನ ನೇಮಕಾತಿಗೆ, ಹಾಗಾಗಿ ಹೊರಗಿನ ಅರ್ಜಿದಾರರಿಗೆ ಸಿಕ್ಕೇ ಸಿಗುತ್ತದೆ ಅಂತಿಲ್ಲ. ಸಿಕ್ಕರೆ ಯಾವ ಸಾಮರ್ಥ್ಯದಲ್ಲಿ ಅಂಕ ಸಾಲಲಿಲ್ಲ, ಯಾಕೆ, ಅಂತ ಹೇಳುತ್ತಾರೆ. ವಾದ ಮಾಡಲು ಹೋಗಬೇಡಿ, ಬರೆದುಕೊಳ್ಳಿ. ಅಂಕ ಕೂಡಿಸುವುದರಲ್ಲೇ ತಪ್ಪಾಗಿದ್ದರೆ ಅದನ್ನು ಸರಿಮಾಡಿಸಲೂ ಆ ಮಾತುಕತೆಯೇ ದಾರಿ. ಫಲಿತಾಂಶದ ಇಮೇಲ್‌ನಲ್ಲಿ ಕೇಳಲು ಕೊನೆಯ ದಿನ ಕೊಟ್ಟಿದ್ದರೆ ಅದರೊಳಗೆ ಬರೆಯಿರಿ.