ಸಹಾಯ ಬೇಕು: ಹಾಸಿಗೆ ಹಿಡಿದವರನ್ನು ನೋಡಲು ಹೋಗುವವರು ಸಲಹೆ ಕೊಡಿ
ಎಲ್ಲರಿಗೂ ನಮಸ್ಕಾರ. ನಮ್ಮ ಧರ್ಮಕೇಂದ್ರದ (ನಮ್ಮ ಊರಿನ ಚರ್ಚಿನ) ಯುವಜನರು ವಾರಕ್ಕೊಮ್ಮೆ ಸೇರಿ ಮುಂದಿನ ಭಾನುವಾರದ ಶುಭಸಂದೇಶ (ಬೈಬಲ್‌ನಲ್ಲಿ ಯೇಸುಸ್ವಾಮಿಯ ಬದುಕು, ಬೋಧನೆ ಇರುವ ಭಾಗ) ಓದುತ್ತೇವೆ. ಒಂದೇ ಭಾಗವನ್ನು ನಿಧಾನವಾಗಿ ಎರಡು ಮೂರು ಸಲ ಓದಿ, ಸ್ವಲ್ಪ ಹೊತ್ತು ಸುಮ್ನೆ ಕೂತು, ಮನಸ್ಸಿಗೆ ತಟ್ಟಿದ್ದನ್ನು ಹಂಚಿಕೊಳ್ಳುತ್ತೇವೆ. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯ ಓದಿದ ಮೇಲೆ ಓದು ಮಾತ್ರ ಸಾಲದು ಅನ್ನಿಸಿದೆ. ರೋಗಿಗಳಿಗೆ ಮಾಡಿದ್ದು ನನಗೇ ಮಾಡಿದ ಹಾಗೆ ಅಂತ ಯೇಸುಸ್ವಾಮಿ ಹೇಳುತ್ತಾರಲ್ಲ.

ಚರ್ಚಿನ ಪೂಜೆಗೆ ಬರಲಾಗದ ಹಿರಿಯರು ನಮ್ಮಲ್ಲಿದ್ದಾರೆ. ಫಾದರ್ ಮನೆಗೇ ಹೋಗಿ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಕೊಡುತ್ತಾರೆ. ಪಕ್ಕದಲ್ಲಿ ಕೂತು ಮಾತಾಡುವವರು ಮಾತ್ರ ಕಡಿಮೆ. ಇಬ್ಬಿಬ್ಬರಾಗಿ ಹೋಗೋಣ ಅಂದುಕೊಂಡಿದ್ದೇವೆ, ಫಾದರ್ ಕೂಡ ಒಪ್ಪಿದ್ದಾರೆ.

ಎಷ್ಟು ಹೊತ್ತು ಕೂತರೆ ಅವರಿಗೆ ಆಯಾಸವಾಗುವುದಿಲ್ಲ? "ದೇವರು ನನಗ್ಯಾಕೆ ಹೀಗೆ ಮಾಡಿದ" ಅಂತ ಅತ್ತರೆ ಏನು ಹೇಳಬೇಕು? ಆಗ ವಚನ ಹೇಳುವುದಕ್ಕಿಂತ ಕೈ ಹಿಡಿದು ಕೇಳಿಸಿಕೊಳ್ಳುವುದೇ ಮುಖ್ಯ, ಅಲ್ವಾ? ಅನುಭವ ಇರುವವರು ದಯವಿಟ್ಟು ತಿಳಿಸಿ.